ನೀರು ಕುಡಿದ ದೋಣಿ

ಸ್ಪ್ರೂಸ್ ನೆಕ್ ಎಂಬ ನಮ್ಮ ಮೀನುಗಾರರ ಬಂದರೂರಿನ ಶಾಲೆಯಲ್ಲಿ ಮರಗೆಲಸದ ಕೋಣೆಗೆ ಬೀಗ ಬಿತ್ತು. ಊರ ಸಭೆಯಲ್ಲಿ ಖರ್ಚಿನ ಮಾತು ಬಂದಾಗ ಎಲ್ಲ ಊರುಗಳಲ್ಲೂ ಆಗುವುದೇ ಇಲ್ಲೂ ಆಯಿತು. ಬಸ್ಸು ಬೇಕು. ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡಲು ಎಣ್ಣೆ ಬೇಕು. ಮೇಷ್ಟರುಗಳಿಗೆ ಸಂಬಳ ಬೇಕು. ಹಾಗಾದರೆ ಬೇಡದ್ದು ಯಾವುದು? ಹಿಂದಿನಿಂದ ಯಾರೋ “ಮರಗೆಲಸ” ಎಂದರು. ಕೈಗಳು ಮೇಲೆದ್ದವು. ಅಷ್ಟಕ್ಕೆ ಮುಗಿಯಿತು.

ಆ ಕೋಣೆಯನ್ನು ನೆಚ್ಚಿಕೊಂಡೇ ಶಾಲೆಯ ಬಸ್ಸು ಹತ್ತುತ್ತಿದ್ದ ಹುಡುಗಿಯೊಬ್ಬಳಿದ್ದಳು. ಹೆಸರು ಹ್ಯಾಟಿ. ಕಡಲಲ್ಲಿ ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿ ಹಿಡಿಯುವ ವರ್ಲಿನ್ ಆಲಿಯ ಮೊಮ್ಮಗಳು. ಓದು ತಲೆಗೆ ಹತ್ತದು ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಆದರೆ ಉಳಿ ಕೈಗೆ ಬಂದರೆ ಹುಡುಗಿ ಬೇರೆಯೇ ಆಗುತ್ತಿದ್ದಳು.

ಬೇಸಿಗೆ ಕಳೆಯುವಷ್ಟರಲ್ಲಿ ಸುದ್ದಿ ಬಂತು. ಊರಿನ ಶಿಕ್ಷಣ ಪ್ರತಿಷ್ಠಾನ ಕೋಣೆಯ ಬೀಗ ತೆಗೆಸುತ್ತದಂತೆ, ಮಕ್ಕಳು ದೋಣಿ ಕಟ್ಟುತ್ತಾರಂತೆ. ಧಕ್ಕೆಯ ಮೇಲಿನ ಅರ್ಲೀನಳ ಕಾಫಿ ಅಂಗಡಿಗೆ ವರ್ಲಿನ್ ಉರಿಯುತ್ತಲೇ ಬಂದ. ನಾನು ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದೆ.

“ಕೇಳಿದೆಯಾ ಅರ್ಲೀನ್? ಯಾರೋ ಪ್ರತಿಷ್ಠಾನದೋರು ಶಾಲೆ ಉದ್ಧಾರ ಮಾಡ್ತಾರಂತೆ.”

“ಯಾರೋ ಅಲ್ಲ, ನಾನೇ. ಕಾಫಿ ಹಾಕ್ಲಾ?”

ವರ್ಲಿನ್ ಲೋಟವನ್ನು ಅವಳ ಮುಂದೆ ತಳ್ಳಿದ. “ನಿನಗ್ಯಾಕೆ ಈ ಉಸಾಬರಿ? ನಾನು ತೆರಿಗೆ ಕಟ್ಟಲ್ವಾ? ಒಂದೇ ಮೀನಿಗೆ ಎರಡು ಸಲ ದುಡ್ಡು ಕೊಡೋ ಪೆದ್ದ ನಾನಲ್ಲ.”

“ತೆರಿಗೆ ದೋಣೀನ ತೇಲಿಸುತ್ತೆ ವರ್ಲಿನ್. ಮುಂದಕ್ಕೆ ಹೋಗೋಕೆ ಹುಟ್ಟು ಬೇಡ್ವಾ?”

“ಮಾತು ಚೆನ್ನಾಗಿ ಕಲ್ತಿದೀಯ. ಆ ದುಡ್ಡು ಯಾರ ಜೇಬಿಗೆ ಹೋಗುತ್ತೋ ಯಾರು ಕಂಡ್ರು?”

“ನೀನು ಕಂಡಿಲ್ಲ, ಯಾಕಂದ್ರೆ ನೀನು ಬರೋದೇ ಇಲ್ಲ. ಪ್ರತಿ ವರ್ಷ ಗ್ರಂಥಾಲಯದಲ್ಲಿ ಎಲ್ಲರೆದುರೂ ಲೆಕ್ಕ ಓದ್ತೀವಿ. ಡೋನಟ್ಟೂ ಇಡ್ತೀವಿ. ಡೋನಟ್ಟಿಗಾದ್ರೂ ಬಾ.”

“ಕೊಡೋದು ಯಾರು?”

“ಊರೋರೇ. ದುಡ್ಡಿದ್ದೋರು ದುಡ್ಡು ಕೊಡ್ತಾರೆ, ಇಲ್ದೋರು ಕೈ ಜೋಡಿಸ್ತಾರೆ. ಮರದ ಮಿಲ್ಲಿನೋರು ದೇವದಾರು ಹಲಗೆ ಕೊಟ್ರು. ತೀರಿಕೊಂಡ ಬಡಗಿ ಲೆಲ್ಯಾಂಡ್‌ನ ಹೆಂಡ್ತಿ ಅವನ ಉಳಿ, ಕೀಸುಳಿ ಎಲ್ಲಾ ಹೊತ್ತು ತಂದ್ಲು. ಮಕ್ಕಳಿಗೆ ಇಂಥದ್ದು ಬೇಕು ಅಂತ ಮೇಷ್ಟರುಗಳು ಕೇಳ್ತಾರೆ. ತೆರಿಗೆ ದುಡ್ಡು ಎಲ್ಲಿ ಮುಟ್ಟಲ್ವೋ ಅಲ್ಲಿಗೆ ನಾವು ಮುಟ್ಟಿಸ್ತೀವಿ. ಅಷ್ಟೇ.”

“ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟೆ. ನನ್ನ ದೋಣಿ ಮುಳುಗಿತಾ? ಹ್ಯಾಟಿ ಕೂಡ ಬಿಡ್ಲಿ. ನನ್ನ ಜೊತೆ ಕಡಲಿಗೆ ಬರ್ಲಿ.”

ಆಗಲೇ ನಾನು ಬಾಗಿಲ ಕಡೆ ನೋಡಿದ್ದು. ಹ್ಯಾಟಿ ಅಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

“ತಾತ, ಆ ಕೋಣೆ ತೆರೆದಿರೋವರೆಗೂ ನಾನು ಶಾಲೆ ಬಿಡಲ್ಲ.”

“ಮತ್ತೆ ಬೀಗ ಬಿದ್ರೆ?”

ಹುಡುಗಿ ತುಟಿ ಕಚ್ಚಿಕೊಂಡಳು. “ಬಿದ್ರೆ ನಿನ್ನ ದೋಣಿಗೆ ಬರ್ತೀನಿ.”

“ಸರಿ. ಇಲ್ಲಿರೋರೆಲ್ಲ ಸಾಕ್ಷಿ,” ಎಂದು ವರ್ಲಿನ್ ಟೋಪಿ ಹಾಕಿಕೊಂಡು ಹೊರಟ.

ಚಳಿಗಾಲವಿಡೀ ಶಾಲೆಯಲ್ಲಿ ಸುತ್ತಿಗೆಯ ಸದ್ದು. ದೋಣಿಯಿಂದ ದೋಣಿಗೆ ಮಾತಾಡುವ ರೇಡಿಯೋದಲ್ಲಿ ವರ್ಲಿನ್‌ನ ಕುಹಕ. “ಹೊಸ ಸಮಾಚಾರ ಗೊತ್ತೇನ್ರೋ? ಶಾಲೆಯಲ್ಲಿ ಶವಪೆಟ್ಟಿಗೆ ಮಾಡ್ತಿದಾರೆ. ಅದಕ್ಕೆ ದೋಣಿ ಅಂತ ಹೆಸರಿಟ್ಟಿದಾರೆ!” ಬಂದರಿನ ಅಷ್ಟೂ ದೋಣಿಗಳಲ್ಲಿ ನಗು.

ಪ್ರತಿಷ್ಠಾನಕ್ಕೆ ಒಂದು ವರ್ಷ ನಡೆಸುವ ಶಕ್ತಿಯಷ್ಟೇ ಇತ್ತು. ಜುಲೈ ತಿಂಗಳ ಬಂದರು ಹಬ್ಬದಲ್ಲಿ ಆ ದೋಣಿಯನ್ನೇ ಅದೃಷ್ಟ ಚೀಟಿಯ ಬಹುಮಾನವಾಗಿ ಇಡುವುದು, ಚೀಟಿ ಮಾರಿ ಬಂದದ್ದರಲ್ಲಿ ಮುಂದಿನ ವರ್ಷ ತರಗತಿ ನಡೆಸುವುದು ಎಂದು ಮಾತಾಗಿತ್ತು. ಆದರೆ ಶವಪೆಟ್ಟಿಗೆಗೆ ಚೀಟಿ ಕೊಳ್ಳುವವರು ಯಾರು? ಅರ್ಲೀನಳ ಕೈಯಲ್ಲಿ ಚೀಟಿಗಳ ಕಟ್ಟು ಹಾಗೇ ಉಳಿದಿತ್ತು.

ಹಬ್ಬದ ಹಿಂದಿನ ದಿನ ಊರೆಲ್ಲ ಧಕ್ಕೆಯಲ್ಲಿ ಸೇರಿತು. ಮಕ್ಕಳು ದೋಣಿಯನ್ನು ನೀರಿಗೆ ಇಳಿಸಿದರು. ಬಿಳಿ ಬಣ್ಣ, ಹಸಿರು ಅಂಚು, ನೋಡಲು ಚೆಂದವಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ನಾನು ಬಗ್ಗಿ ನೋಡಿದೆ. ಹಲಗೆಗಳ ಸಂದಿನಿಂದ ನೀರು ಒಸರುತ್ತಿತ್ತು. ನೋಡನೋಡುತ್ತಿದ್ದಂತೆ ದೋಣಿಯ ತಳ ಮುಚ್ಚಿ, ನೀರು ಗೇಣುದ್ದ ನಿಂತಿತು.

“ಪ್ರತಿಷ್ಠಾನದ ದುಡ್ಡು ತಳ ಸೇರ್ತಪ್ಪೋ!” ಎಂದು ಯಾರೋ ಕೂಗಿದರು. ಜನ ಗೊಳ್ಳೆಂದರು. ನಾಲ್ಕು ಜನ ದೋಣಿಯನ್ನು ಮೇಲಕ್ಕೆಳೆಯಲು ಹೋದರು.

“ಎಳೀಬೇಡಿ!” ಎಂದಳು ಹ್ಯಾಟಿ.

ಎಲ್ಲರೂ ವರ್ಲಿನ್‌ನತ್ತ ತಿರುಗಿದರು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು, ಚೀಟಿಯ ಮಾರಾಟವೂ ನಿಲ್ಲುತ್ತಿತ್ತು, ತರಗತಿಯೂ ನಿಲ್ಲುತ್ತಿತ್ತು. ಅವನು ಧಕ್ಕೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತ. ಕೈ ಚಾಚಿ ಸಂದಿನ ಮೇಲೆ ಬೆರಳಾಡಿಸಿದ.

“ಯಾಕೆ ಎಳೀಬಾರ್ದು?” ಎಂದು ಕೇಳಿದ.

“ಚಳಿಗಾಲವೆಲ್ಲ ಬೆಚ್ಚಗಿನ ಕೋಣೆಯಲ್ಲಿ ಒಣಗಿದೆ ತಾತ. ಹಲಗೆಗೆ ಬಾಯಾರಿದೆ. ನೀರು ಕುಡಿದು ಉಬ್ಬಿದ್ರೆ ಸಂದು ತಾನೇ ಮುಚ್ಚಿಕೊಳ್ಳುತ್ತೆ.”

“ಮೊದಲೇ ಬಿಗಿಯಾಗಿ ಕೂರಿಸಬೇಕಿತ್ತು.”

“ಕೂರಿಸಿದ್ರೆ ಉಬ್ಬೋಕೆ ಜಾಗ ಸಿಗ್ದೆ ಹಲಗೆ ಎದ್ದು ಬರುತ್ತೆ. ಅದಕ್ಕೇ ಕೂದಲೆಳೆಯಷ್ಟು ಬಿಟ್ಟಿದೀನಿ.”

“ಇದನ್ನ ನಿನಗೆ ಯಾರು ಹೇಳಿಕೊಟ್ರು? ನಾನಂತೂ ಹೇಳಿಲ್ಲ.”

“ಶಾಲೆ,” ಎಂದಳು ಹ್ಯಾಟಿ.

ವರ್ಲಿನ್ ಮಂಡಿ ಹಿಡಿದುಕೊಂಡು ಎದ್ದು ಜನರತ್ತ ತಿರುಗಿದ. “ಏನ್ರೋ ನಗ್ತೀರಿ? ನಿಮ್ಮ ತಾತಂದಿರ ದೋಣಿಗಳೂ ಮೊದಲ ದಿನ ಹೀಗೇ ಕುಡೀತಿದ್ವು. ಫೈಬರ್ ದೋಣಿ ಬಂದ್ಮೇಲೆ ಎಲ್ಲರಿಗೂ ಮರೆತೋಯ್ತು. ನನಗೂ ಮರೆತೋಗಿತ್ತು. ಕೈ ತೆಗೀರಿ, ದೋಣಿ ನೀರಲ್ಲೇ ಇರ್ಲಿ!”

ಬೆಳಗಾಯಿತು. ನಿನ್ನೆಯ ನೀರನ್ನು ಮಕ್ಕಳು ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದರು. ಒಂದು ತೊಟ್ಟೂ ಮತ್ತೆ ಒಳಗೆ ಬರಲಿಲ್ಲ. ವರ್ಲಿನ್ ತಳಕ್ಕೆ ಅಂಗೈ ಒತ್ತಿ ಸಂದುಗಳ ಮೇಲೆಲ್ಲ ಎಳೆದ. ಆಮೇಲೆ ಯಾರೂ ಕೇಳದಿದ್ದರೂ ದೋಣಿಯನ್ನು ಮೆಲ್ಲಗೆ ತಟ್ಟಿದ.

ಅಂದಿನ ಹಬ್ಬದ ಹುಟ್ಟು ಹಾಕುವ ಪಂದ್ಯದಲ್ಲಿ ಹ್ಯಾಟಿ ಮತ್ತು ಅವಳ ಗೆಳತಿ ಆ ದೋಣಿಯಲ್ಲೇ ಕುಳಿತರು. ಸುತ್ತ ಅಂಗಡಿಯಿಂದ ತಂದ ಹಗುರ ದೋಣಿಗಳು. ಲಾಬ್‌ಸ್ಟರ್ ದೋಣಿಗಳೆಲ್ಲ ಎರಡು ಸಾಲಾಗಿ ನಿಂತು ಹಾರ್ನ್ ಊದತೊಡಗಿದವು. ತಿರುವಿನ ಗುರುತಿಗೆ ನೀರಲ್ಲಿ ನಿಲ್ಲಿಸಿದ್ದ ತೇಲುಗಂಬ ಸುತ್ತಿ ತಿರುಗುವಾಗ ನಮ್ಮ ಬಿಳಿ ದೋಣಿ ಮುಂದಿತ್ತು. ದಡ ಮುಟ್ಟುವಾಗಲೂ ಮುಂದಿತ್ತು! ನಾನು ಎಷ್ಟು ಕೂಗಿದೆನೆಂದರೆ ಮರುದಿನ ನನ್ನ ದನಿಯೇ ಹೊರಡಲಿಲ್ಲ.

ಆಗ ರೇಡಿಯೋ ಗೊರಗೊರ ಎಂದಿತು. “ಎಲ್ಲ ದೋಣಿಯೋರೂ ಕೇಳಿ. ಶವಪೆಟ್ಟಿಗೆ ಅಂದಿದ್ದ ಮುದುಕ ಮಾತಾಡ್ತಿದೀನಿ. ಧಕ್ಕೆಯಲ್ಲಿ ಅರ್ಲೀನ್ ಚೀಟಿ ಮಾರ್ತಿದಾಳೆ. ಚೀಟಿ ತಗೊಳ್ದೆ ದಡಕ್ಕೆ ಬಂದೋನ ದೋಣಿ ಕಟ್ಟೋಕೆ ಇವತ್ತು ಯಾರೂ ಹಗ್ಗ ಹಿಡಿಯಲ್ಲ!”

ಸಂಜೆಗೆ ಅರ್ಲೀನಳ ಕೈಯಲ್ಲಿ ಒಂದು ಚೀಟಿಯೂ ಉಳಿದಿರಲಿಲ್ಲ. ಕೊನೆಯದನ್ನು ವರ್ಲಿನ್ನೇ ಕೊಂಡ.

“ಒಂದೇ ಮೀನಿಗೆ ಎರಡು ಸಲ ದುಡ್ಡಾ, ವರ್ಲಿನ್?”

“ಇದು ಮೀನಲ್ಲ ಮಾರಾಯ್ತಿ. ಮೀನು ಹಿಡಿಯೋ ದೋಣಿ.”

ಸೆಪ್ಟೆಂಬರಿನಲ್ಲಿ ಹ್ಯಾಟಿ ಶಾಲೆಯ ಬಸ್ಸು ಹತ್ತಿದಳು. ಮರಗೆಲಸದ ಕೋಣೆಯಲ್ಲಿ ಎರಡನೆಯ ದೋಣಿಯ ಬೆನ್ನೆಲುಬು ಎದ್ದು ನಿಂತಿದೆ. ವಾರಕ್ಕೊಂದು ದಿನ ವರ್ಲಿನ್ ಮಕ್ಕಳಿಗೆ ಹಗ್ಗದ ಗಂಟು ಹಾಕುವುದನ್ನು ಕಲಿಸಲು ಹೋಗುತ್ತಾನೆ. ಗ್ರಂಥಾಲಯದಲ್ಲಿ ಲೆಕ್ಕ ಓದುವ ದಿನ ಮೊದಲ ಸಾಲಿನಲ್ಲಿ ಕೂತು ಪ್ರಶ್ನೆ ಕೇಳುತ್ತಾನೆ. ಡೋನಟ್ಟಿಗೆ ಬಂದೆ ಎನ್ನುತ್ತಾನೆ. ಯಾರೂ ನಂಬುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರ ಸರ್ಕಾರಿ ಶಾಲೆಯಲ್ಲೂ ಬೀಗ ಬಿದ್ದ ಒಂದು ಕೋಣೆ ಇರಬಹುದು. ಸರ್ಕಾರ ಕೊಡಬೇಕಾದ್ದನ್ನು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ಅದು ಸಾಲದ ಕಡೆ ಊರವರೇ ಸೇರಿ. ಲೆಕ್ಕವನ್ನು ಎಲ್ಲರೆದುರು ಇಡಿ. ದುಡ್ಡಿಲ್ಲದಿದ್ದರೆ ನಿಮಗೆ ಗೊತ್ತಿರುವ ಕೆಲಸವನ್ನೇ ಕೊಡಿ. ಮರದ ದೋಣಿಯನ್ನು ದಡದಲ್ಲಿ ಬಿಟ್ಟರೆ ಬಿರಿಯುತ್ತದೆ, ನೀರಿನಲ್ಲಿಟ್ಟರೆ ಬಿಗಿಯಾಗುತ್ತದೆ. ಶಾಲೆಗೆ ಊರೇ ನೀರು. ನಾಳೆ ಬೆಳಿಗ್ಗೆ ಹೋಗಿ, ಆ ಕೋಣೆಯ ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿ.