ಚೂರುಬಟ್ಟೆಯ ಹೊಟ್ಟೆ

ಕೋಲು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ.

ಬಟ್ಟೆಗೂ ಮೈಗೂ ಇರುವ ವ್ಯತ್ಯಾಸ ಆ ಕಾರ್ಖಾನೆಯಲ್ಲಿ ಸಿಡುಕನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಸಿಡುಕ ಅಂತ ಅವನಿಗೆ ಹೆಸರಿಟ್ಟವರು ಹೊಲಿಗೆ ಸಾಲಿನ ಹೆಂಗಸರು. ಸಂಜೆ ಅವರೆಲ್ಲ ಕೆಲಸ ಮುಗಿಸಿ ಗೇಟು ದಾಟುವಾಗ ಚೀಲ, ಬಗಲು, ಸೊಂಟ ಎಲ್ಲ ತಪಾಸಣೆ ಮಾಡಿ ಬಿಡುವುದು ಅವನ ಕೆಲಸ. ಹೆಂಗಸರ ಮೈ ಮುಟ್ಟುವುದು ಮರ್ಯಾದೆಯಲ್ಲ ಅಂತ ಕಂಪನಿಯವರು ತುದಿಗೆ ರಬ್ಬರು ಹಾಕಿದ ಒಂದು ಕೋಲು ಕೊಟ್ಟಿದ್ದರು. ಕೋಲಿನಿಂದ ತಿವಿದರೆ ಮರ್ಯಾದೆ ಉಳಿಯುತ್ತದಂತೆ. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡಿದ್ದರೆ ಕೋಲು ಮೆತ್ತಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಬರೀ ಮೈಯಾದರೆ ಸ್ವಲ್ಪ ತಗ್ಗಿ ವಾಪಸ್ಸು ತಳ್ಳುತ್ತದೆ.

ಅದೇ ಸಾಲಿನಲ್ಲಿ ಹೊಲಿಯುತ್ತಿದ್ದ ಅವನ ಅಕ್ಕನ ಹೊಟ್ಟೆ ಇವೆರಡನ್ನೂ ಮಾಡಲಿಲ್ಲ. ಬಿಗಿಯಾಗಿ, ಗುಂಡಗೆ, ಗಾಳಿ ತುಂಬಿದ ಚೆಂಡಿನ ಹಾಗೆ ನಿಂತಿತು. ಅವಳ ಬಾಯಿಂದ ಒಂದು ಸಣ್ಣ ಸದ್ದು ಬಂತು. ಅಷ್ಟರಲ್ಲಿ ಅವನು ತಿವಿದಾಗಿತ್ತು, ಅದೂ ಮೈಯಲ್ಲಿದ್ದ ಶಕ್ತಿಯೆಲ್ಲ ಹಾಕಿ.

ಅವನು ಅಷ್ಟು ಜೋರಾಗಿ ತಿವಿದದ್ದು ಅಕ್ಕನನ್ನು ಕಾಪಾಡುವುದಕ್ಕೆ.

ಕತ್ತರಿಸಿ ಉಳಿದ ಚೂರುಬಟ್ಟೆಯನ್ನು ಕಾರ್ಖಾನೆ ಬಾಯ್ಲರಿಗೆ ಹಾಕಿ ಸುಡುತ್ತಿತ್ತು. ಹೂವಿನ ಬಟ್ಟೆ, ಗೆರೆ ಬಟ್ಟೆ, ಮುಟ್ಟಿದರೆ ಜಾರುವ ಬಟ್ಟೆ, ಎಲ್ಲ ಹೊಗೆ. ಅದರಲ್ಲೇ ಅಂಗೈಯಗಲದ ಒಂದು ತುಂಡು ಯಾರಾದರೂ ಮನೆಗೊಯ್ದರೆ ಅದು ಕಳ್ಳತನ. ಅವರು ಸುಟ್ಟರೆ ಲೆಕ್ಕ, ನಾವು ಹೊದ್ದರೆ ಅಪರಾಧ. ಆದರೂ ಹೆಂಗಸರು ಒಯ್ಯುತ್ತಿದ್ದರು. ಅಕ್ಕ ಎಲ್ಲರಿಗಿಂತ ಹೆಚ್ಚು ಒಯ್ಯುತ್ತಿದ್ದಳು. ಯಂತ್ರದ ಕೆಳಗೆ ಕಾಲಿನಿಂದಲೇ ಚೂರು ಒಟ್ಟುಮಾಡಿ, ಸಂಜೆ ಕಕ್ಕಸಿನಲ್ಲಿ ಸೊಂಟದ ಸುತ್ತ ಪದರ ಪದರವಾಗಿ ಸುತ್ತಿ, ಮೇಲೆ ಸಡಿಲ ಅಂಗಿ ಇಳಿಬಿಟ್ಟು ಗೇಟಿಗೆ ಬರುತ್ತಿದ್ದಳು. ಸಿಡುಕ ಕೋಲನ್ನು ತಾಗಿಸಿದ ಹಾಗೆ ಮಾಡಿ, ಕೊಡೆಯನ್ನೋ ಚಪ್ಪಲಿಯನ್ನೋ ನೋಡಿ ಮುಂದೆ ಬಿಡುತ್ತಿದ್ದ. ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬವೂ ಇತ್ತು.

ಮನೆಯಲ್ಲಿ ಅಮ್ಮ ಆ ಚೂರುಗಳಿಂದ ಕೌದಿ ಹೊಲಿಯುತ್ತಿದ್ದಳು. ಇದ್ದದ್ದು ಒಂದೇ ಕೋಣೆ, ಮಧ್ಯಕ್ಕೊಂದು ಪರದೆ. ನೆಲದ ಮೇಲೆ ಹಳೇ ಬಟ್ಟೆ ಹಾಸಿ, ನಾಲ್ಕು ಮೂಲೆಗೂ ಪಾತ್ರೆ ಹೇರಿ, ಚೂರುಗಳ ಅಂಚು ಒಳಕ್ಕೆ ಮಡಚಿ ಒಂದರ ಮೇಲೊಂದು ಕೂರಿಸಿ, ಹೊರಗಿನಿಂದ ನಡುವಿಗೆ ಸುತ್ತುತ್ತ ಸುತ್ತುತ್ತ ಹೊಲಿಗೆ ಹಾಕುತ್ತ ಬರಬೇಕು. ನಡುವಿನಿಂದ ಶುರುಮಾಡಿದರೆ ಅಂಚಿನಲ್ಲಿ ಸುಕ್ಕು ಬರುತ್ತದೆ. ಬೀದಿಯ ಅರ್ಧ ಮನೆಗಳು ಅಮ್ಮನ ಕೌದಿ ಹೊದೆಯುತ್ತಿದ್ದವು. ಅಕ್ಕನೂ ಬಂದವಳೇ ಪರದೆ ಹಿಂದೆ ಹೋಗಿ ಸುತ್ತಿದ್ದನ್ನು ಬಿಚ್ಚಿ, ಕೌದಿಯ ಒಂದು ತುದಿ ಮಡಿಲ ಮೇಲೆ ಎಳೆದುಕೊಂಡು ಸೂಜಿ ಹಿಡಿಯುತ್ತಿದ್ದಳು. ಊಟವೂ ಹಾಗೇ, ಮಡಿಲ ಮೇಲೆ ಕೌದಿ. ಭಾವ ಲಾರಿ ಓಡಿಸಿಕೊಂಡು ಊರೂರು ತಿರುಗುತ್ತಿದ್ದುದರಿಂದ ಅವಳು ಇವರ ಜೊತೆಗೇ ಇದ್ದಳು.

ಈಚೆಗೆ ಒಂದು ದಿನ ಸಿಡುಕ ತನ್ನ ಗೆರೆಗೆರೆ ಅಂಗಿಗಾಗಿ ಮನೆಯೆಲ್ಲ ತಡಕಾಡಿದಾಗ ಅದರ ತೋಳು ಕೌದಿಯಲ್ಲಿ ಸಿಕ್ಕಿತ್ತು.

"ಅಮ್ಮ, ಇದು ನನ್ನ ಅಂಗಿ."

"ಅದು ಅಂಗಿನಾ? ಗಾಳಿ ಆಡ್ಲಿ ಅಂತ ಇಟ್ಕೊಂಡಿದ್ದ ಕಿಟಕಿ ಅನ್ಕೊಂಡೆ."

ಅವತ್ತು ಅವನು ರೇಗಾಡಿ ಸುಮ್ಮನಾಗಿದ್ದ. ಅಷ್ಟೊಂದು ಚೂರು ಬರುವ ಮನೆಯಲ್ಲಿ ತೊಡುವ ಅಂಗಿಗೆ ಯಾಕೆ ಕತ್ತರಿ ಬಿತ್ತು ಎಂದು ಯೋಚಿಸುವಷ್ಟು ತಾಳ್ಮೆ ಅವನಿಗೆಲ್ಲಿಂದ ಬರಬೇಕು.

ಈ ಸಂಜೆ ಮ್ಯಾನೇಜರು ತಾನೇ ಗೇಟಿಗೆ ಬಂದು ನಿಂತಿದ್ದ. ಎಂಥ ಸೆಕೆಯಲ್ಲೂ ಸುಕ್ಕಾಗದ ಅಂಗಿಯ ದೆಸೆಯಿಂದ ಅವನಿಗೆ ಎಲ್ಲರೂ ಇಟ್ಟ ಹೆಸರು ಇಸ್ತ್ರಿ.

"ಬಾಯ್ಲರಿಗೆ ಚೂರು ಸಾಕಾಗ್ತಿಲ್ಲ. ಯಾರೋ ಹೊತ್ಕೊಂಡು ಹೋಗ್ತಿದಾರೆ," ಎಂದ ಇಸ್ತ್ರಿ. "ಇವತ್ತು ನೀನು ನೋಡೋದನ್ನ ನಾನು ನೋಡ್ತೀನಿ. ಸರಿಯಾಗಿ ಒತ್ತಿ ನೋಡು, ಗಿಳಿಗೆ ಕಾಳು ಹಾಕ್ದಂಗೆ ಬೇಡ. ನೀನು ಯಾರನ್ನಾದ್ರೂ ಬಿಟ್ರೆ ಅವಳ ಜೊತೆ ನೀನೂ ಹೊರಗೆ."

ಇಸ್ತ್ರಿಯನ್ನು ಕಂಡು ಸಾಲಿನಲ್ಲಿ ಕೆಲವರು ಏನೋ ಮರೆತವರಂತೆ ಒಳಗೆ ಓಡಿದರು. ಹೋಗುವಾಗ ದಪ್ಪಗಿದ್ದವರು ಬರುವಾಗ ತೆಳ್ಳಗಾಗಿ ಬಂದು ನಿಂತರು. ಅಕ್ಕ ಮಾತ್ರ ಹೋಗಲಿಲ್ಲ. ದಪ್ಪ ಹೊಟ್ಟೆ ಹೊತ್ತುಕೊಂಡು ನಿಂತೇ ಇದ್ದಳು. ಸಿಡುಕ ಕಣ್ಣಲ್ಲೇ ಸನ್ನೆ ಮಾಡಿದ, ಹುಬ್ಬು ಹಾರಿಸಿದ, ಕೆಮ್ಮಿದ. ಅವಳು ನೆಲ ನೋಡುತ್ತಿದ್ದಳು. ಇವಳಿಗೇನು ಬುದ್ಧಿ ಕೆಟ್ಟಿದೆಯಾ, ನಾಲ್ಕು ಚೂರಿಗೆ ಇಬ್ಬರ ಅನ್ನಕ್ಕೂ ಕಲ್ಲು ಹಾಕ್ತಾಳಲ್ಲ ಎಂದು ಅವನ ನೆತ್ತಿ ಕಾದುಹೋಯಿತು. ಒಂದೇ ದಾರಿ ಹೊಳೆಯಿತು. ಇಸ್ತ್ರಿಗೆ ಕಾಣುವ ಹಾಗೆ ಎಲ್ಲರಿಗಿಂತ ಜೋರಾಗಿ ಅಕ್ಕನಿಗೇ ತಿವಿಯಬೇಕು. ಅಷ್ಟು ಜೋರಾಗಿ ಒಡಹುಟ್ಟಿದವಳಿಗೆ ತಿವಿದವನು ಸುಳ್ಳು ಹೇಳುತ್ತಾನೆ ಅಂತ ಯಾರಿಗೂ ಅನ್ನಿಸಬಾರದು. ಮೂರು ಬೆರಳು ದಪ್ಪದ ಬಟ್ಟೆ ಸುತ್ತಿಕೊಂಡಿದ್ದಾಳೆ, ಅವಳಿಗೆ ಗೊತ್ತೂ ಆಗುವುದಿಲ್ಲ. ಆಮೇಲೆ ಏನಿಲ್ಲ ಹೋಗು ಅಂತ ಗದರಿ ಕಳಿಸಿದರಾಯಿತು.

ಕೋಲು ಎತ್ತಿದಾಗ ಅಕ್ಕ ಹೊಟ್ಟೆಗೆ ಅಂಗೈ ಅಡ್ಡ ಇಟ್ಟಳು. ಅವನು ಆ ಕೈಯನ್ನು ಸರಿಸಿ ತಿವಿದ.

"ಏನು ಸಿಕ್ತು?" ಎಂದ ಇಸ್ತ್ರಿ.

ಸಿಡುಕನ ಕೈ ಕೋಲನ್ನು ಹಿಡಿದುಕೊಂಡೇ ಇತ್ತು, ಆದರೆ ಅದು ತನ್ನ ಕೈ ಅಂತ ಅವನಿಗೆ ಅನ್ನಿಸುತ್ತಿರಲಿಲ್ಲ. ಆ ಬಿಗಿತ ಕೋಲಿನ ಮೂಲಕ ಮೊಣಕೈವರೆಗೆ ಬಂದು ಅಲ್ಲಿ ಕೂತಿತ್ತು. ಬೀದಿಯಲ್ಲಿ ಬಸುರಿಯರನ್ನು ನೋಡದವನೇನಲ್ಲ ಅವನು. ಅರ್ಥವಾಯಿತು.

"ಏನು ಸಿಕ್ತು ಅಂತ ಕೇಳ್ದೆ."

"ಏನಿಲ್ಲ ಸಾರ್. ದಪ್ಪ ಆಗಿದಾಳೆ."

"ಹಾಗಾದ್ರೆ ಕ್ಯಾಂಟೀನಿನೋರು ಊಟ ಚೆನ್ನಾಗೇ ಹಾಕ್ತಿದಾರೆ ಅಂತಾಯ್ತು," ಎಂದು ಇಸ್ತ್ರಿ ನಕ್ಕ.

ಅಕ್ಕ ತಮ್ಮನ ಮುಖ ನೋಡಲಿಲ್ಲ. ಗೋಡೆ ಹಿಡಿದುಕೊಂಡು ಬೀದಿಯ ತಿರುವಿನವರೆಗೆ ನಡೆದಳು, ಮರೆಯಾದಳು. ಅವಳ ಹಿಂದೆ ಇನ್ನೂ ಉದ್ದ ಸಾಲಿತ್ತು. ಮುಂದಿನವಳ ಎದುರಿಗೆ ಅವನು ಕೋಲು ಕೆಳಗೆ ಬಿಟ್ಟುಕೊಂಡು ಸುಮ್ಮನೆ ನಿಂತ. ಅವಳು ಗುಂಡಿ ಹೊಲಿಯುವ ಮುದುಕಿ.

"ಯಾಕಪ್ಪ, ನಾನು ಕಣ್ಣಿಗೆ ಕಾಣಲ್ವಾ? ನಂಗೂ ಒಂದು ತಿವಿ, ಮನೇಲಿ ಸೊಸೆ ಕಾಯ್ತಿದಾಳೆ."

ಅವನು ತಿವಿದ. ಇನ್ನೊಬ್ಬಳಿಗೆ ತಿವಿದ. ಸಾಲು ಮುಗಿಯುವವರೆಗೂ ಯಾರಿಗೆ ತಿವಿದೆ, ಏನು ತಾಗಿತು, ಒಂದೂ ಅವನಿಗೆ ನೆನಪಿಲ್ಲ.

ಮನೆಗೆ ಓಡಿ ಬಂದಾಗ ಅಕ್ಕ ಅರ್ಧ ಹೊಲಿದ ಕೌದಿಯ ಮೇಲೆ ಎಡಮಗ್ಗುಲಾಗಿ ಮಲಗಿದ್ದಳು. ಅಮ್ಮ ಪಕ್ಕದಲ್ಲಿ ಕೂತು ಅವಳ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟಿದ್ದಳು. ಹೊಟ್ಟೆಗೆ ಏನೂ ಮುಚ್ಚಿರಲಿಲ್ಲ. ಅಷ್ಟು ದೊಡ್ಡ ಹೊಟ್ಟೆ ಇದೇ ಕೋಣೆಯಲ್ಲಿ, ಇದೇ ಪರದೆಯ ಆಚೆ, ದಿನಾ ತನ್ನ ಜೊತೆ ಉಣ್ಣುತ್ತಿತ್ತು ಎಂಬುದನ್ನು ನಂಬಲಾಗದೆ ಅವನು ಬಾಗಿಲಲ್ಲೇ ನಿಂತ.

"ಅಮ್ಮ, ಅಕ್ಕನ ಹೊಟ್ಟೇಲಿ..."

"ಮಗು ಇದೆ. ಇನ್ನೇನು ಕುಂಬಳಕಾಯಿ ಇರುತ್ತಾ?" ಅಮ್ಮ ತಲೆ ಎತ್ತಲಿಲ್ಲ. "ಬಾಗಿಲು ಹಾಕು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೆ ಹೇಳೋದೂ ಒಂದೇ, ಬೀದೀಲಿ ಮೈಕು ಕಟ್ಟೋದೂ ಒಂದೇ," ಎಂದಳು ಅಕ್ಕ, ಮಲಗಿದ್ದಲ್ಲಿಂದಲೇ. ಅವಳ ದನಿ ತೆಳುವಾಗಿತ್ತು. "ನಿನ್ನ ಹೊಟ್ಟೇಲಿ ಇರೋದು ಮುಖದ ಮೇಲೆ ಬರೆದಿರುತ್ತೆ ಕಣೋ. ಗೊತ್ತಿದ್ದಿದ್ರೆ ಗೇಟಲ್ಲಿ ನನ್ನ ಕಂಡ ತಕ್ಷಣ ದೇವರ ವಿಗ್ರಹ ಹೊತ್ತೋರಿಗೆ ದಾರಿ ಬಿಟ್ಟಂಗೆ ಬಿಟ್ಬಿಡ್ತಿದ್ದೆ. ಎಲ್ಲರಿಗೂ ಗೊತ್ತಾಗ್ತಿತ್ತು. ನಮ್ಮ ಸಾಲಲ್ಲಿ ಅಂಗಿಗೆ ತೋಳು ಹಚ್ತಿದ್ದೋಳು ಏನಾದ್ಲು ಮರ್ತೋಯ್ತಾ? ಬಸುರಿ ಅಂತ ಗೊತ್ತಾದ ದಿನಾನೇ ಕಾರ್ಡು ಕಿತ್ಕೊಂಡು ಕಳಿಸಿದ್ರು. ಇವತ್ತಿಗೂ ವಾಪಸ್ ತಗೊಂಡಿಲ್ಲ."

"ಯಂತ್ರದ ಹಿಂದೆ ಕೂತಾಗ ಕಾಣ್ತಿರ್ಲಿಲ್ಲ, ಗೇಟಲ್ಲಿ ಎಲ್ಲರೂ ಚೂರು ಅನ್ಕೊಂಡಿದ್ರು," ಎಂದಳು ಅಮ್ಮ. "ಇಷ್ಟು ವರ್ಷ ಅಷ್ಟು ದಪ್ಪ ಸುತ್ಕೊಂಡು ಬಂದಿದ್ದು ಒಂದು ಕೆಲಸಕ್ಕೆ ಬಂತು. ಕಳ್ಳಿ ಅಂತ ಗೊತ್ತಿದ್ದೋಳ ಹೊಟ್ಟೇನ ಯಾರೂ ಎರಡನೇ ಸಲ ನೋಡಲ್ಲ."

ಸಿಡುಕ ಬಾಗಿಲು ಹಾಕಿ ನೆಲದ ಮೇಲೆ ಕೂತ. ಅಕ್ಕನ ಕೆಳಗಿದ್ದ ಕೌದಿಯ ಕಡೆ ಆಗ ಅವನ ಕಣ್ಣು ಹೋಯಿತು. ತನ್ನ ಅಂಗಿಯ ಗೆರೆ. ಭಾವನ ಹಳೇ ಪ್ಯಾಂಟಿನ ಖಾಕಿ. ದಿಂಬಿನ ಚೀಲ. ಅಮ್ಮ ತೊಡುತ್ತಿದ್ದ ನೀಲಿ ಬಟ್ಟೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೋಡಿದ. ಕಾರ್ಖಾನೆಯ ಒಂದೇ ಒಂದು ಚೂರು ಅದರಲ್ಲಿರಲಿಲ್ಲ. ಅಂದರೆ ತಿಂಗಳುಗಳಿಂದ ಅಕ್ಕ ಏನನ್ನೂ ಕದ್ದಿರಲೇ ಇಲ್ಲ. ಚೂರು ಸುತ್ತುವುದಕ್ಕೆ ಅವಳ ಸೊಂಟದಲ್ಲಿ ಜಾಗವೇ ಇರಲಿಲ್ಲ. ದಿನಾ ಸಂಜೆ ಕೊಡೆಯನ್ನೋ ಚಪ್ಪಲಿಯನ್ನೋ ನೋಡುತ್ತ, ಕಂಪನಿಗೆ ಟೋಪಿ ಹಾಕಿದೆನೆಂದು ಬೀಗುತ್ತ, ಅವನು ಮುಂದೆ ಬಿಟ್ಟದ್ದು ಈ ಹೊಟ್ಟೆಯನ್ನು.

"ಅದಕ್ಕೇನಾದ್ರೂ ಆಗಿದೆಯಾ?" ಎಂದು ಕೇಳಿದ. ಕೇಳಿದ್ದು ತಾನೋ ಬೇರೆ ಯಾರೋ ಅನ್ನುವಂತಿತ್ತು.

ಅಮ್ಮ ಹೊಟ್ಟೆಯ ಮೇಲಿನ ಕೈಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಮುಟ್ಟಿ ನೋಡಿದಳು. ಆಮೇಲೆ ಅಕ್ಕ ಹೇಳಿದಳು.

"ಬೆಳಗ್ಗೆಯಿಂದ ಒದೀತಾನೇ ಇತ್ತು. ನೀನು ತಿವಿದ ಮೇಲೆ ಸುಮ್ನಾಗಿದೆ."

"ಆಸ್ಪತ್ರೆಗೆ ನಡಿ. ಈಗ್ಲೇ."

"ಇಲ್ಲಿರೋದು ಕಂಪನಿ ಆಸ್ಪತ್ರೆ. ಅಲ್ಲಿ ಕಾಲಿಟ್ರೆ ನಾಳೆ ಇಸ್ತ್ರಿ ಕಿವೀಲಿ ಇರುತ್ತೆ."

"ಇರ್ಲಿ ಬಿಡು. ಇಸ್ತ್ರಿ ಅಂಗಿ ಹರಿದು ನಿನ್ನ ಕೌದಿಗೆ ಹಾಕ್ತೀನಿ."

"ಹರಿಯೋನೇ, ಕೂತ್ಕೋ," ಎಂದಳು ಅಮ್ಮ. ಒಂದು ಲೋಟ ತಣ್ಣೀರಿಗೆ ಸಕ್ಕರೆ ಕದಡಿ ಅಕ್ಕನಿಗೆ ಕುಡಿಸಿದಳು. "ಸಿಹಿ ಹೋದ್ರೆ ಹೊಟ್ಟೇಲಿರೋ ಮಕ್ಕಳು ಎದ್ದೇಳ್ತಾವೆ. ಒಲೆ ಮೇಲಿನ ನೀರು ಕುದಿಯೋ ತನಕ ನೋಡೋದು. ಅಷ್ಟರಲ್ಲಿ ಅಲ್ಲಾಡದಿದ್ರೆ ಹೋಗೋದೇ. ಕೆಲಸ ಹಾಳಾಗಿ ಹೋಗ್ಲಿ."

ಮೂವರೂ ಪಾತ್ರೆಯನ್ನು ಕೇಳುತ್ತ ಕೂತರು. ಮೊದಲು ಏನೂ ಇಲ್ಲ. ಆಮೇಲೆ ತಳದಲ್ಲಿ ಗುಸುಗುಸು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಒತ್ತಿದಾಗಲೆಲ್ಲ ಬರುವ ಆ ಸದ್ದಿಗೆ ಸಿಡುಕನ ಮೈ ಜುಂ ಅನ್ನುತ್ತಿತ್ತು. ಅವನಿಗೆ ಅಳು ಬರಲಿಲ್ಲ, ಕೋಪವೂ ಬರಲಿಲ್ಲ. ಹುಟ್ಟಿದಾಗಿನಿಂದ ಜೊತೆಗಿದ್ದ ಕೋಪ ಬೇಕಾದ ಹೊತ್ತಿಗೆ ಎತ್ತ ಹೋಯಿತೋ. ಮೊಣಕೈಯಲ್ಲಿ ಕೂತ ಆ ಬಿಗಿತ ಮಾತ್ರ ಅಲ್ಲೇ ಇತ್ತು. ಪಾತ್ರೆಯ ಮುಚ್ಚಳ ಒಮ್ಮೆ ಟಪ್ ಎಂದಿತು. ಅಮ್ಮ ಎದ್ದು ಚಪ್ಪಲಿ ಹುಡುಕತೊಡಗಿದಳು.

"ತಡಿ," ಎಂದಳು ಅಕ್ಕ.

ಅವಳು ಉಸಿರು ಹಿಡಿದಿದ್ದಳು. ಒಂದು ಕೈ ಚಾಚಿ ತಮ್ಮನ ಮುಂಗೈ ಹಿಡಿದು ಎಳೆದಳು. ಅವನು ಬೇಡ ಬೇಡ ಎಂದು ಹಿಂದೆ ಸರಿದ. ಅವಳು ಬಿಡಲಿಲ್ಲ, ಅವನ ಅಂಗೈಯನ್ನು ಪಕ್ಕೆಯ ಕೆಳಗೆ ಅದುಮಿ ಹಿಡಿದಳು. ಬೆಚ್ಚಗಿತ್ತು. ಏನೂ ಇರಲಿಲ್ಲ. ಆಮೇಲೆ ಒಳಗಿನಿಂದ ಯಾವುದೋ ಅವನ ಅಂಗೈಗೆ ನೇರವಾಗಿ ಗುದ್ದಿತು. ಬೆಂಕಿ ತಾಗಿದವನಂತೆ ಅವನು ಕೈ ಕಿತ್ತುಕೊಂಡ.

"ತಗೋ," ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ನಿಂದು ನಿಂಗೆ ವಾಪಸ್."

ಅಮ್ಮ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡೇ ಕೂತುಬಿಟ್ಟಳು. ಒಲೆ ಆರಿಸುವುದು ಯಾರಿಗೂ ನೆನಪಾಗಲಿಲ್ಲ.

"ನಾಳೆಯಿಂದ ನಾನು ಆ ಗೇಟಿಗೆ ಹೋಗಲ್ಲ. ಸತ್ರೂ ಹೋಗಲ್ಲ."

"ಹೋಗ್ತೀಯ," ಎಂದಳು ಅಕ್ಕ.

"ನನ್ನ ಕೈಯಲ್ಲಿ ಆಗಲ್ಲ ಅಕ್ಕ."

"ನೀನಿಲ್ಲದಿದ್ರೆ ಗೇಟು ಖಾಲಿ ಇರುತ್ತಾ? ಇನ್ನೊಬ್ಬ ಬರ್ತಾನೆ. ಅವನಿಗೆ ನಾನು ಅಕ್ಕ ಅಲ್ಲ, ಬಾಯ್ಲರಿನ ಸೌದೆ ಕದ್ದೋಳು. ನಾಳೆನೂ ಇಸ್ತ್ರಿ ನಿಂತಿರ್ತಾನೆ. ನೀನು ಇವತ್ತಿನ ಹಾಗೇ ತಿವೀಬೇಕು, ಆದ್ರೆ ತಾಗಬಾರ್ದು."

ಅವಳು ಮೊಣಕೈ ಊರಿ ಎದ್ದು ಕೂತಳು, ಆಮೇಲೆ ಗೋಡೆ ಹಿಡಿದು ನಿಂತಳು. ಅಮ್ಮ ಬಟ್ಟೆ ಅಳೆಯುವ ಮರದ ಪಟ್ಟಿ ಕೌದಿಯ ಪಕ್ಕದಲ್ಲೇ ಬಿದ್ದಿತ್ತು. ಅಕ್ಕ ಅದನ್ನೆತ್ತಿ ತಮ್ಮನ ಕಡೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳು ಅವನ ಬೆರಳು ಒಂದೊಂದಾಗಿ ಬಿಡಿಸಿ ಅದನ್ನು ಒಳಗಿಟ್ಟು ಮುಚ್ಚಿದಳು.

"ಇಲ್ಲಿ ನೋಡು, ಪಕ್ಕೆ ಎಲುಬಿನ ಮೇಲೆ. ಇಲ್ಲಿ ಬಿದ್ರೆ ಎಲುಬು ತಡ್ಕೊಳ್ಳುತ್ತೆ. ಭುಜ ಜೋರಾಗಿ ಬರ್ಲಿ, ಮಣಿಕಟ್ಟು ಕೊನೇಲಿ ಸಡಿಲ ಬಿಡು. ನಾನು ಮುಂದಕ್ಕೆ ಬಗ್ತೀನಿ, ದೂರದಿಂದ ಒಳಗೆ ಹೋದಂಗೆ ಕಾಣುತ್ತೆ. ಹೂಂ."

ಅವನು ಅಮ್ಮನ ಕಡೆ ನೋಡಿದ. ಅಮ್ಮ ಬೇಡ ಅನ್ನುತ್ತಾಳೆ ಅಂದುಕೊಂಡಿದ್ದ. ಅಮ್ಮ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ತಂದು ಹಿಡಿದಳು.

ಅವನು ಪಟ್ಟಿ ಎತ್ತಿದ. ಅದರ ತುದಿ ಗಾಳಿಯಲ್ಲಿ ಅಲ್ಲಾಡುತ್ತಿತ್ತು.

"ಕೈ ನಡುಗ್ತಿದೆ ನಿಂದು," ಎಂದಳು ಅಕ್ಕ. "ನಡುಗಿದ್ರೆ ಕೆಳಗೆ ಜಾರುತ್ತೆ. ಇಳಿಸು. ಇನ್ನೊಂದ್ಸಲ ಎತ್ತು."