ಬಾಗಿಲಿಗೆ ಕಟ್ಟಿದ ಕಂಬಳಿ

ನಾನು ಒಂದು ಕರಿ ಕಂಬಳಿ. ಬಣ್ಣ ಹಾಕಿ ಬಂದ ಕರಿಯಲ್ಲ. ಕುರಿಯ ಮೈಮೇಲೆ ಹೇಗಿದ್ದೆನೋ ಹಾಗೇ ಇದ್ದೇನೆ. ಒಂದು ಕುರಿಯಿಂದ ಕಂಬಳಿ ಆಗುವುದಿಲ್ಲ, ಹಿಂಡಿಗೆ ಹಿಂಡೇ ಮೈ ಬೋಳಿಸಿಕೊಳ್ಳಬೇಕು. ಹಾಗಾಗಿ ‘ನಾನು’ ಎನ್ನುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ.

ಇಂಡಿ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಮಾಳಪ್ಪನ ಕುಣಿಮಗ್ಗದ ಮೇಲೆ ಹುಟ್ಟಿದೆ. ಅವನ ತಾಯಿ ಉಣ್ಣೆ ಹಿಂಜಿ ನೂಲು ತೆಗೆದಳು. ಹುಣಸೆ ಬೀಜ ಹುರಿದು, ನೆನೆಸಿ, ಅರೆದು ಮಾಡಿದ ಸರಿಯನ್ನು ಎಳೆಗಳಿಗೆ ಸವರಿ ಬಿಸಿಲಿಗೆ ಒಣಗಿಸಿದರು. ಈ ಸರಿ ಕುಡಿದ ಕಂಬಳಿ ಮೊದಲ ವರ್ಷವೆಲ್ಲ ತಗಡಿನ ಹಾಗೆ ಬಿಗಿದುಕೊಂಡಿರುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ಸಂತೆಯಲ್ಲಿ ಮಾಳಪ್ಪ ನನ್ನ ನಾಲ್ಕು ಮೂಲೆ ಹಿಡಿಸಿ ನಡುವೆ ಒಂದು ತಂಬಿಗೆ ನೀರು ಸುರಿದು ತೋರಿಸಿದ. ಒಂದು ಹನಿ ಕೆಳಗೆ ಇಳಿಯಲಿಲ್ಲ.

“ನೀರ ಹಾಯಂಗಿಲ್ಲ ಅಂದಮ್ಯಾಲ ಗಾಳಿ ಎಲ್ಲಿ ಹಾಯತೈತಿ? ಹಾಯ್ತಂದ್ರ ವಾಪಸ್ ತಂದು ನನ್ನ ಮಾರಿಗೆ ಒಗೀರಿ” ಎಂದ.

ಅವನ ಮಾರಿಗೆ ನನ್ನನ್ನು ಯಾರೂ ಒಗೆಯಲಿಲ್ಲ. ಮಾಲು ಅಷ್ಟು ಚೆನ್ನಾಗಿತ್ತು.

ನನ್ನನ್ನು ಕೊಂಡವನು ಚನಮಲ್ಲಪ್ಪ. ಇಂಡಿಯ ಲಿಂಬೆಹಣ್ಣನ್ನು ದಿಲ್ಲಿಯವರೆಗೆ ಒಯ್ಯುವ ಲಾರಿ ಡ್ರೈವರು. ಅವನ ಸೀಟಿನ ಹಿಂದೆ, ಲಿಂಬೆಯ ಹುಳಿ ವಾಸನೆಯಲ್ಲಿ, ನಾನು ದೇಶ ನೋಡಿದೆ. ನೋಡಿದೆ ಎಂದರೆ ಚಳಿ ನೋಡಿದೆ. ಮನುಷ್ಯರು ಊರನ್ನು ಗುಡಿಯಿಂದಲೋ ಊಟದಿಂದಲೋ ಗುರುತಿಡುತ್ತಾರೆ. ನನ್ನನ್ನು ಹೊರಗೆ ತೆಗೆಯುವುದೇ ಚಳಿಗೆ. ಹಾಗಾಗಿ ಎಲ್ಲ ಊರಿನ ಕೆಟ್ಟ ಮುಖವೊಂದೇ ನನಗೆ ಪರಿಚಯ.

ಊರಿಗೆ ಮರಳಿದಾಗ ಚನಮಲ್ಲಪ್ಪ ನನ್ನನ್ನು ಹೆಗಲಿಗೆ ಹಾಕಿಕೊಂಡೇ ಇಮಾಮಸಾಬನ ಚಹಾದಂಗಡಿಗೆ ಹೋಗುತ್ತಿದ್ದ. ಅಲ್ಲಿ ಅವನು ಚಳಿಗಳಿಗೆ ಮಾರ್ಕು ಕೊಡುವ ಮಾಸ್ತರ.

“ಸೊಲ್ಲಾಪುರದ್ದು ಚಳೀನ ಅಲ್ಲ, ಬರೇ ಚಳೀ ಸುದ್ದಿ. ನಾಗಪುರದ್ದು ಬೀಗರಿದ್ದಂಗ. ಮುಂಜಾನಿ ಬರತೈತಿ, ಚಾ ಕುಡದು ಹೊತ್ತೇರೂದ್ರಾಗ ಹೋಗತೈತಿ.”

“ಝಾನ್ಸೀದು?” ಎಂದು ಇಮಾಮಸಾಬ ಕೇಳುವನು. ಅವನಿಗೆ ಉತ್ತರ ಬಾಯಿಪಾಠ ಇತ್ತು. ಆದರೂ ಕೇಳುವನು, ಗಿರಾಕಿ ಕೂತಷ್ಟು ಹೊತ್ತು ಚಹಾ ಹೋಗುತ್ತದೆ.

“ಝಾನ್ಸೀದು ಪೊಲೀಸ ಇದ್ದಂಗ. ಗಾಡಿ ನಿಂದರಿಸಿದ್ರಷ್ಟ ಹಿಡೀತೈತಿ. ದಿಲ್ಲೀದು ಕೋರ್ಟ ಕೇಸು. ಒಮ್ಮಿ ಮೈಗೆ ಹತ್ತಿತಂದ್ರ ನೀ ಸತ್ರೂ ಮುಗಿಯಂಗಿಲ್ಲ.”

“ಮತ್ತ ನಮ್ಮ ಇಂಡೀದು?”

“ನಮ್ಮದು ಹೇಣತಿ ಸಿಟ್ಟು. ಕಂಬಳಿ ಹೊಚಗೊಂಡು ಸುಮ್ನ ಮಲಗು, ತಾನ ಇಳೀತೈತಿ.”

ಎಲ್ಲರೂ ನಗುವರು. ಒಂದು ಸಲ ಮಾತ್ರ ಅವನು ನಗಿಸಲಿಲ್ಲ. ಗ್ವಾಲಿಯರ್ ಆಚೆ ಒಂದು ಧಾಬಾದ ಮುಂದೆ ನಿಂತಿದ್ದ ಲಾರಿಯ ಬಾಗಿಲನ್ನು ಜನ ಮೀಟಿ ತೆಗೆದಿದ್ದರು. ಒಳಗೆ ಡ್ರೈವರು, ಕ್ಲೀನರು, ನಡುವೆ ಒಂದು ಡಬ್ಬಿ ಇದ್ದಿಲ ಕೆಂಡ. ಇಬ್ಬರೂ ಕೂತಲ್ಲೇ ಹೋಗಿದ್ದರು. “ಹೊಗಿ ಇಲ್ಲ, ವಾಸನಿ ಇಲ್ಲ, ಮಾರಿ ಮಾತ್ರ ಕೆಂಪಗ, ಮದಿಮಗನ ಕಳೆ” ಎಂದ ಚನಮಲ್ಲಪ್ಪ. “ಇಮಾಮ, ಹೊಗಿ ಇಲ್ಲದ ಬೆಂಕಿ ನಂಬಬಾರದೋ.” ಅಂಗಡಿಯಲ್ಲಿದ್ದವರೆಲ್ಲ ಹೂಂ ಎಂದರು. ನಾನೂ ಅವನ ಹೆಗಲ ಮೇಲೆ ಕೂತು ಕೇಳಿಸಿಕೊಂಡೆ.

ಅಲ್ಲಿಂದ ಮನೆಗೆ ಬಂದ. ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತ, “ಹೆಂಗಿತ್ತರೀ ಆ ಕಡೆ?” ಎಂದು ಕೇಳಿದಳು.

“ಚಳಿ ಇತ್ತು” ಎಂದ. ಉಂಡು ಮಲಗಿದ.

ಚಳಿಗಳನ್ನೆಲ್ಲ ಬೈದು ಗೆದ್ದಿದ್ದ ಚನಮಲ್ಲಪ್ಪ ಸತ್ತದ್ದು ಒಂದು ಬೇಸಿಗೆಯಲ್ಲಿ, ಕಾಮಾಲೆಗೆ. ಲಾರಿ ಮಾಲೀಕರು ಅವನ ಸಾಮಾನಿನ ಜೊತೆ ನನ್ನನ್ನೂ ಮನೆಗೆ ಕಳಿಸಿದರು. ನೀಲವ್ವ ಬೇವಿನ ಎಲೆ ಇಟ್ಟು ಮಡಿಸಿ ಸಂದೂಕದಲ್ಲಿ ಹಾಕಿದಳು. ಕೆಲವು ವರ್ಷ ಯಾವ ಊರಿನ ಚಳಿಯೂ ನನಗೆ ತಾಕಲಿಲ್ಲ.

ನೀಲವ್ವನ ಕಡೆಯ ಮಗಳು ಕಸ್ತೂರಿ. ಗೋಕಾಕದ ಕಡೆಯ ಬಾಳೇಶ ಎಂಬ ಸಿಪಾಯಿಗೆ ಕೊಟ್ಟಿದ್ದರು. ಅವನಿಗೆ ದಿಲ್ಲಿಯಾಚೆಯ ಅಂಬಾಲೆಯಲ್ಲಿ ನೌಕರಿ, ದಂಡಿನ ಹೊರಗೆ ಬಾಡಿಗೆ ಕೋಣೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಆದರೆ ಕಸ್ತೂರಿಗೆ ರಕ್ತದೊತ್ತಡ, ಅಷ್ಟು ದೂರ ರೈಲಿನಲ್ಲಿ ಕೂರಿಸಬೇಡಿ ಎಂದರು ಡಾಕ್ಟರು. ಮಗಳು ತವರಿಗೆ ಬರಲಾಗದಿದ್ದರೆ ತವರೇ ಗಂಟು ಕಟ್ಟಬೇಕಲ್ಲ. ನೀಲವ್ವ ಬಾಣಂತಿಯ ಉಂಡಿಗೆ ಅಳ್ವಿ, ಅಂಟು, ಉತ್ತತ್ತಿ, ಒಣಕೊಬ್ಬರಿ, ತಲೆಗೆ ಹೊಗೆ ಹಾಕಲು ಲೋಬಾನ ಕಟ್ಟಿದಳು. ಗಂಟಿನ ಮೇಲಿನ ಹೊದಿಕೆ ನಾನು. “ನಿಮ್ಮಪ್ಪನ ಕಂಬಳಿ ಐತಿ, ದಿಲ್ಲೀ ಚಳಿ ತಡದದ್ದು. ನಿನಗ ಗಾಳಿ ಮುಟ್ಟಗೊಡಂಗಿಲ್ಲ” ಎಂದು ಫೋನಿನಲ್ಲಿ ಮಗಳಿಗೆ ಹೇಳಿದಳು.

ಗಾಳಿ. ನೀಲವ್ವನಿಗೆ ಈ ಲೋಕದಲ್ಲಿ ಇದ್ದ ಭಯ ಅದೊಂದೇ. ಬಾಣಂತಿಗೆ ಗಾಳಿ ಹೊಕ್ಕರೆ ಸನ್ನಿ, ಸನ್ನಿಯಾದರೆ ಸಾವು. ಇದನ್ನು ಅವಳಿಗೆ ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳ ಅವ್ವ. ಅದಕ್ಕೇ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಬಾಗಿಲು ಮುಚ್ಚಿ ಕಾಸುವುದು. ನೀಲವ್ವ ತಾನೂ ಹಾಗೇ ನಾಲ್ಕು ಹೆತ್ತು ಎದ್ದವಳು.

ಅಂಬಾಲೆಯಲ್ಲಿ ಇಳಿದಾಗ ನನಗೆ ಗೊತ್ತಾಯಿತು, ಇದು ನಾನು ಕಂಡ ಜಾತಿಯ ಚಳಿಯಲ್ಲ ಎಂದು. ಇಂಡಿಯ ಚಳಿ ಬಂದು ಹೋಗುತ್ತದೆ. ದಿಲ್ಲಿಯದನ್ನು ನಾನು ಲಾರಿಯಲ್ಲಿ ಕೂತು ಹಾಯ್ದು ಬಂದವನು, ಅಲ್ಲಿ ಸಂಸಾರ ಮಾಡಿದವನಲ್ಲ. ಅಂಬಾಲೆಯ ಚಳಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಖಾಯಂ ಅಲ್ಲಿಯ ನಿವಾಸಿ. ಮಂಜು ಬಾಗಿಲವರೆಗೆ ಬಂದು ನಿಂತಿರುತ್ತಿತ್ತು. ನೀಲವ್ವ ಗೋಡೆ ಮುಟ್ಟಿ ನೋಡಿದಳು.

“ನಮ್ಮೂರಾಗ ಚಳಿ ಮೈಗೆ ಹತ್ತತೈತಿ. ಇಲ್ಲಿ ಗ್ವಾಡಿಗೇ ಹತ್ತೈತಲ್ಲ.”

ಕೋಣೆ ಅಂಗಳದ ಕೊನೆಗಿತ್ತು. ಸಿಮೆಂಟಿನ ಗೋಡೆ, ಸಿಮೆಂಟಿನ ಮಾಳಿಗೆ, ತಗಡಿನ ಬಾಗಿಲು, ಗಾಜಿನ ಒಂದು ಕಿಟಕಿ. ನನ್ನ ಕಣ್ಣು ಮೊದಲು ಹುಡುಕಿದ್ದು ಬೆಳಕಿಂಡಿ. ಇಂಡಿಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ತಲೆಯ ಮೇಲೆ ಒಂದು ತೂತಿರುತ್ತದೆ. ಬಾಗಿಲು ಎಷ್ಟು ಬಿಗಿದರೂ ಹೊಗೆ ಆ ದಾರಿಯಿಂದ ಹೋಗುತ್ತದೆ. ಅದು ಬೆಳಕಿಗಾಗಿ ಇದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಇಲ್ಲಿ ಬೆಳಕಿಗೆ ಕರೆಂಟಿನ ಬಲ್ಬು ಇತ್ತು.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಬಂದ ದಿನವೇ ಅಗ್ಗಿಷ್ಟಿಕೆ ಹೊರಸಿನ ಕೆಳಗೆ ಹೋಯಿತು. ಊರಲ್ಲಿ ಜಾಲಿ ಕಟ್ಟಿಗೆಯ ಕೆಂಡ, ಕುಳ್ಳಿನ ಕೆಂಡ. ಕಣ್ಣುರಿಯುತ್ತದೆ, ಕೆಮ್ಮು ಬರುತ್ತದೆ, ಸಾಕಪ್ಪಾ ಎಂದು ಯಾರಾದರೂ ಬಾಗಿಲು ತೆಗೆದೇ ತೆಗೆಯುತ್ತಾರೆ. ಇಲ್ಲಿ ಬಾಳೇಶ ಅಂಗಡಿಯಿಂದ ಇದ್ದಿಲು ತಂದ. ನೀಲವ್ವನಿಗೆ ಬಹಳ ಮೆಚ್ಚುಗೆಯಾಯಿತು. “ಏನ ಛಲೋ ಇದ್ಲಿ ಸಿಗತೈತಿ ಈ ಊರಾಗ. ಹೊಗೀನ ಇಲ್ಲ.”

ಮನೆಯ ಒಡತಿ ಒಬ್ಬ ಮುದುಕಿ. ಅವಳನ್ನು ಎಲ್ಲರೂ ಬೀಜಿ ಎನ್ನುತ್ತಿದ್ದರು. ಅವಳಿಗೆ ಕನ್ನಡ ಇಲ್ಲ, ನೀಲವ್ವನಿಗೆ ಪಂಜಾಬಿ ಇಲ್ಲ. ಬೀಜಿ ಬಂದು ಕೂಸಿನ ಗಲ್ಲ ಹಿಂಡಿದಳು, ಕೆಂಡ ನೋಡಿದಳು, ಮುಖ ಗಂಟಿಕ್ಕಿದಳು. ಕಿಟಕಿಯನ್ನು ಒಂದು ಗೇಣು ತೆಗೆದು, ಕೆಂಡದ ಕಡೆ ಬೆರಳು ಮಾಡಿ, ತನ್ನ ಕುತ್ತಿಗೆ ಒತ್ತಿಕೊಂಡು ತಲೆಯಾಡಿಸಿ ತೋರಿಸಿದಳು. ನೀಲವ್ವ ತಿಳಿಯಿತು ಎಂಬಂತೆ ಕೈಮುಗಿದು ಒಂದು ಅಂಟಿನುಂಡಿ ಕೊಟ್ಟಳು. ಮುದುಕಿ ಅಂಗಳ ದಾಟಿದ್ದೇ ತಡ, ಕಿಟಕಿ ಮುಚ್ಚಿದಳು.

“ನಾಕ ಹಡದಾಕಿ ನಾನು. ನನಗ ಬಾಣಂತನ ಕಲಸ್ಲಾಕ ಬಂದಾಳ.”

“ಆಕಿ ಸುಮ್‌ಸುಮ್ನ ಹೇಳೂದಿಲ್ಲ ಬಿಡ ಯವ್ವಾ” ಎಂದಳು ಕಸ್ತೂರಿ. “ಇವರು ಬರಲಿ, ಕೇಳೂಣು.”

“ಬಾಣಂತಿ ಖೋಲಿ ವಿಚಾರ ಗಣಮಕ್ಕಳ್ನ ಕೇಳತಾರೇನ ಖೋಡಿ?”

ಕೇಳಲಿಲ್ಲ. ಆ ದಿನಗಳಲ್ಲಿ ನಾನು ಕಸ್ತೂರಿಯ ಮೈಮೇಲಿದ್ದೆ. ತಗಡಿನ ಬಾಗಿಲಿನ ಸಂದಿಯಿಂದ ಗಾಳಿ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಕೇಳಿದಾಗಲೆಲ್ಲ ನೀಲವ್ವ ಹಲ್ಲು ಕಡಿಯುತ್ತಿದ್ದಳು. ಮೂವರೂ ಉಸಿರಾಡುತ್ತಿದ್ದುದು ಅದರ ದಯೆಯಿಂದ ಎಂದು ಅವಳಿಗೆ ಹೇಳುವವರು ಯಾರು? ಹೇಳಬೇಕಾದವನು ಇಮಾಮಸಾಬನ ಅಂಗಡಿಯಲ್ಲಿ ಹೇಳಿ ಮುಗಿಸಿದ್ದ.

ಒಂದು ಮುಂಜಾನೆ ಕೂಸು ಸೀನಿತು. ಒಮ್ಮೆಯಲ್ಲ, ಮೇಲಿಂದ ಮೇಲೆ. ನೀಲವ್ವ ಎದ್ದಳು. ಹಳೇ ಸೀರೆ ಹರಿದು ಕಿಟಕಿಯ ಸಂದಿಗೆಲ್ಲ ತುರುಕಿದಳು. ಬಾಗಿಲಿಗೆ ಏನು ಮಾಡುವುದು ಎಂದು ಸುತ್ತ ನೋಡಿದಳು. ಅವಳ ಕಣ್ಣು ನನ್ನ ಮೇಲೆ ನಿಂತಿತು.

ಚೌಕಟ್ಟಿಗೆ ಮೊಳೆ ಹೊಡೆದು ನನ್ನನ್ನು ಒಳಗಿನಿಂದ ಪರದೆಯ ಹಾಗೆ ಕಟ್ಟಿದಳು. ನೆಲ ಮುಟ್ಟಿ ಒಂದು ಮೊಳ ಮಡಚಿ ಬಿದ್ದೆ. ಸಿಳ್ಳೆ ನಿಂತಿತು. “ಹಾಂ, ಈಗ ಬಾ” ಎಂದಳು ಗಾಳಿಗೆ.

ಅದೇ ದಿನ, ಎಷ್ಟೋ ದಿನಗಳ ಮೇಲೆ, ಅಂಬಾಲೆಗೆ ಬಿಸಿಲು ಬಿತ್ತು. ಹೊತ್ತು ಏರುವಾಗ ಕಸ್ತೂರಿಗೆ ಎಣ್ಣೆ ಹಚ್ಚಿ ಎರೆದು, ತಲೆಗೆ ಲೋಬಾನದ ಹೊಗೆ ಹಾಕಿ, ಹೊರಸಿನ ಮೇಲೆ ಮಲಗಿಸಿ, ಅಗ್ಗಿಷ್ಟಿಕೆಗೆ ಇನ್ನೂ ಎರಡು ಹಿಡಿ ಇದ್ದಿಲು ಸುರಿದಳು. ಬೀಜಿ ಹೊರಗಿನಿಂದ ಕೂಗಿದಳು, ಬಿಸಿಲಿನ ಕಡೆ ಕೈ ತೋರಿಸಿ ಕೂಸನ್ನು ಬೇಡಿದಳು. ನೀಲವ್ವನಿಗೆ ಮನಸ್ಸಿಲ್ಲ. ಆದರೆ ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು. ಕೂಸನ್ನು ಸುತ್ತಿ ಕೊಟ್ಟಳು.

“ಯವ್ವಾ, ತಲಿ ಸಿಡೀಲಾಕತ್ತೈತಿ” ಎಂದಳು ಕಸ್ತೂರಿ.

“ನೀರ ಬಿದ್ದಾವಲ್ಲ, ಹಂಗ ಆಗತೈತಿ. ಒಂದ ನಿದ್ದಿ ಮಾಡು, ಹೋಗತೈತಿ.”

ನನ್ನ ಅಂಚು ಎತ್ತಿ ಹೊರಗೆ ಹೋದಳು. ನಾನು ಮತ್ತೆ ಇಳಿಬಿದ್ದೆ. ಅಂಗಳದಲ್ಲಿ ಕೈಪಂಪಿನ ಸದ್ದು, ಬೀಜಿ ಕೂಸಿಗೆ ಹೇಳುತ್ತಿದ್ದ ಹಾಡು. ಒಳಗೆ ಹೊರಸು ಒಮ್ಮೆ ಕಿರ್ ಎಂದಿತು. ಕಸ್ತೂರಿ ಎದ್ದೇಳಲು ನೋಡಿದಳೋ, ಮಗ್ಗುಲಾದಳೋ. ಆಮೇಲೆ ಇಲ್ಲ. ನನಗೆ ಬೇರೆ ವಿದ್ಯೆ ಬರುವುದಿಲ್ಲ, ಆದರೆ ಮಲಗಿದವರ ಉಸಿರು ಗೊತ್ತು. ಅದು ಉದ್ದವಾಗುತ್ತ, ವಿರಳವಾಗುತ್ತ ಹೋಯಿತು.

ನಡುವೆ ಒಮ್ಮೆ ನೀಲವ್ವ ನನ್ನ ಅಂಚು ಸರಿಸಿ ಇಣುಕಿದಳು. ಕಸ್ತೂರಿಯ ಬಿಳಿಚಿದ ಗಲ್ಲ ಕೆಂಪಗೆ ತುಂಬಿಕೊಂಡಿತ್ತು. ನೀಲವ್ವನ ಮುಖ ಅರಳಿತು.

“ಈಗ ನೋಡು, ಬಣ್ಣ ಬಂತು” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಮಲಗಿದ ಬಾಣಂತಿಯನ್ನು ಎಬ್ಬಿಸಬಾರದು. ನನ್ನನ್ನು ಸದ್ದಾಗದ ಹಾಗೆ ಇಳಿಬಿಟ್ಟು ಹೋದಳು.

ಮದಿಮಗನ ಕಳೆ ಎಂದು ಚನಮಲ್ಲಪ್ಪ ಅಂದಿದ್ದ. ಅದನ್ನು ಕೇಳಿದವರು ಹತ್ತು ಜನ. ಅವರಲ್ಲಿ ಆ ಹೊಸ್ತಿಲಲ್ಲಿ ಇದ್ದವನು ನಾನೊಬ್ಬನೇ.

ಮಧ್ಯಾಹ್ನ ಊಟಕ್ಕೆ ಬಂದ ಬಾಳೇಶ ಹೆಂಡತಿಯನ್ನು ಕೂಗಿದ, ಒಳಗೆ ಬಂದ, ಮುಟ್ಟಿದ. ಮೊಳೆ ಸಮೇತ ನನ್ನನ್ನು ಕಿತ್ತು ಎಸೆದು ಅವಳನ್ನು ಎತ್ತಿಕೊಂಡು ಬಿಸಿಲಿಗೆ ಓಡಿದ. ಬಿಸಿಲು ಅವಳ ಮೇಲೆ ಬಿತ್ತು, ಅಷ್ಟೇ. ಬೀಜಿ ಕೋಣೆಗೆ ನುಗ್ಗಿ ಕಿಟಕಿಯ ಗಾಜು ಒಡೆದಳು. ನೀಲವ್ವ ಒದ್ದೆ ಕೈಯಲ್ಲೇ ನಿಂತು, “ಗಾಳಿ ಬಿಡಬ್ಯಾಡ್ರಿ, ಆಕಿ ಹಸೀ ಬಾಣಂತಿ” ಎನ್ನುತ್ತಿದ್ದಳು.

ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲ. ಇದ್ದಿಲಿನ ವಿಷಗಾಳಿ, ಪ್ರತಿ ಚಳಿಗಾಲಕ್ಕೂ ಇಂಥವು ಬರುತ್ತವೆ ಎಂದರಂತೆ. ಮರುದಿನ ಯಾವುದೋ ಪತ್ರಿಕೆಯಲ್ಲಿ, ಯಾವ ಊರಿನಲ್ಲಿ ಎಷ್ಟು ಚಳಿ ಎಂಬ ಸುದ್ದಿಯ ಕೆಳಗೆ, ಅಂಬಾಲೆಯಲ್ಲಿ ಚಳಿಗೆ ಬಾಣಂತಿ ಬಲಿ ಎಂದು ಬಂತು. ಆ ಕೋಣೆಯಲ್ಲಿ ಇಲ್ಲದೇ ಇದ್ದದ್ದು ಚಳಿಯೊಂದೇ. ನನ್ನ ಹೆಸರು ಯಾರೂ ಎತ್ತಲಿಲ್ಲ. ಕಂಬಳಿಗೆ ಆ ಮರ್ಯಾದೆಯೂ ಇಲ್ಲ.

ನೀಲವ್ವ ಕೂಸನ್ನು ಎತ್ತಿಕೊಂಡು ಊರಿಗೆ ಹೊರಟಳು. ನನ್ನನ್ನು ಬಿಟ್ಟೇ ಹೊರಟಿದ್ದಳು. ಬೀಜಿ ಸ್ಟೇಷನ್ನಿನವರೆಗೆ ಬಂದು, ಕೂಸಿಗೆ ಇರಲಿ ಎಂದು ನನ್ನನ್ನು ಅವಳ ಮಡಿಲಿಗೆ ಹಾಕಿದಳು. ನೀಲವ್ವ ಬಹಳ ಹೊತ್ತು ನನ್ನನ್ನು ಮುಟ್ಟಲಿಲ್ಲ. ಕೂಸು ನಡುಗಿದಾಗ ಸುತ್ತಿದಳು. ಆಮೇಲೆ ಇಂಡಿಯವರೆಗೂ ಅದರ ಮೂಗಿನ ಮುಂದೆ ನನ್ನ ಅಂಚನ್ನು ಬೆರಳಿನಿಂದ ಎತ್ತಿ ಹಿಡಿದೇ ಕೂತಿದ್ದಳು.

ಊರಲ್ಲಿ ಸಾವಿನ ಸುದ್ದಿ ಕೇಳಿ ಮಾತಾಡಿಸಲು ಬಂದವರಲ್ಲಿ ಇಮಾಮಸಾಬನೂ ಇದ್ದ. ಕಟ್ಟೆಯ ಮೇಲೆ ಕೂತು ತಲೆ ತಗ್ಗಿಸಿ ಎಲ್ಲ ಕೇಳಿದ. “ಚನಮಲ್ಲಣ್ಣ ಹೇಳತಿದ್ದ ಯವ್ವಾ, ಲಾರ್‍ಯಾಗ ಇಬ್ಬರು ಹಿಂಗ ಹೋಗಿದ್ದು. ಹೊಗಿ ಇಲ್ಲದ ಬೆಂಕಿ ನಂಬಬಾರದು ಅಂತಿದ್ದ. ನಿನಗ ಹೇಳಿದ್ದಿಲ್ಲೇನು?” ಎಂದ.

ನೀಲವ್ವ ಅವನ ಮುಖವನ್ನೇ ನೋಡಿದಳು.

“ನನಗ ಬರೇ ‘ಚಳಿ ಇತ್ತು’ ಅಂತ ಹೇಳಿದ್ದ” ಎಂದಳು.

ಅಂದಿನಿಂದ ಅವಳಿಗೊಂದು ರೂಢಿ ಬಿದ್ದಿದೆ. ಓಣಿಯಲ್ಲಿ ಈಗ ಎಲ್ಲ ಕಡೆ ಸಿಮೆಂಟಿನ ಮಾಳಿಗೆ ಬಂದಿದೆ, ಬೆಳಕಿಂಡಿ ಹೋಗಿದೆ. ಯಾರ ಮನೆಯಲ್ಲಾದರೂ ಹೆರಿಗೆಯಾದರೆ ನೀಲವ್ವ ಹೋಗುತ್ತಾಳೆ. ಒಳಗೆ ಕರೆಯುವುದಿಲ್ಲ, ಮಗಳನ್ನು ಬಾಣಂತನದಲ್ಲಿ ತಿಂದವಳ ನೆರಳು ಬಾಣಂತಿಯ ಮೇಲೆ ಬೀಳಬಾರದು. ಅವಳು ಅಂಗಳದಲ್ಲೇ ನಿಂತು ಕೂಗುತ್ತಾಳೆ.

“ಬಾಗಲಾ ತಗೀರಿ. ಕೆಂಡ ಹೊರಗ ತಗೀರಿ.”

“ಬಂತ ನೋಡ ಮಾರಿ” ಎಂದು ಒಳಗಿನಿಂದ ಬೈಯುತ್ತಾರೆ. ಒಮ್ಮೆ ಯಾರೋ ನೀರು ಎರಚಿದರು. ಅವಳು ಸೆರಗು ಹಿಂಡಿಕೊಂಡು ಅಲ್ಲೇ ನಿಂತಳು. ಬೇಸತ್ತು ಬಾಗಿಲು ತೆಗೆದ ಮೇಲೆ ಮನೆಗೆ ಬಂದಳು. ಬಾಗಿಲು ತೆಗೆದದ್ದು ಬೈಯುವುದಕ್ಕೋ ಉಸಿರಿಗೋ ಎಂಬ ಲೆಕ್ಕ ಅವಳು ಇಟ್ಟುಕೊಂಡಿಲ್ಲ.

ನನಗೂ ವಯಸ್ಸಾಯಿತು. ಹುಣಸೆಯ ಸರಿ ಎಂದೋ ಉದುರಿತು. ನುಸಿ ಕೊರೆದು ಅಲ್ಲಲ್ಲಿ ತೂತು ಬಿದ್ದಿದೆ. ಯಾವ ಊರಿನ ಚಳಿ ಹೆಚ್ಚು ಕೆಟ್ಟದ್ದು ಎಂದು ಯಾರಾದರೂ ಕೇಳಿದರೆ, ಚನಮಲ್ಲಪ್ಪನ ಹಾಗೆ ನಾನು ಮಾರ್ಕು ಕೊಡಲಾರೆ. ಚಳಿ ಎಲ್ಲ ಕಡೆ ತಾನು ಬಂದದ್ದನ್ನು ಹೇಳಿಯೇ ಬರುತ್ತದೆ.

ಕೂಸು ಈಗ ಶಾಲೆಗೆ ಹೋಗುತ್ತದೆ, ನನ್ನನ್ನೇ ಹೊದೆಯುತ್ತದೆ. ಮೊನ್ನೆ ಮಾಗಿಯ ಒಂದು ಸಂಜೆ ನನ್ನ ತೂತಿನಲ್ಲಿ ಬೆರಳು ತೂರಿಸಿ, “ಆಯೀ, ಇದಕ್ಕ ತ್ಯಾಪಿ ಹಚ್ಚ, ಗಾಳಿ ಬರತೈತಿ” ಎಂದಿತು.

ನೀಲವ್ವ ಬಂದು ತೂತನ್ನು ನೋಡಿದಳು. ಅಂಗೈ ಅಡ್ಡ ಹಿಡಿದು, ಗಾಳಿ ಹಾಯುತ್ತದೆಯೇ ಎಂದು ನೋಡಿದಳು.

“ಬರಲಿ” ಎಂದಳು.