ಪೋಖರಾ ದಂಡೆಯ ಹುಲ್ಲು

ನಾಲ್ಕು ದಿನದಿಂದ ಕರು ತುಂಗಿ ನೀರಿನಂತೆ ಭೇದಿ ಮಾಡುತ್ತಿತ್ತು. ಐದನೇ ದಿನ ಬೆಳಿಗ್ಗೆ ನೋಡಿದರೆ ಗದ್ದದ ಕೆಳಗೆ ನೀರು ತುಂಬಿದ ಚೀಲದ ಹಾಗೆ ಬಾವು. ಮಹೇಶ್ವರಿ ಅದನ್ನು ಮುಟ್ಟಿ ನೋಡಿದಳು. ಹೋದ ಚಳಿಗಾಲದಲ್ಲಿ ತುಂಗಿಯ ತಾಯಿ ಗೌರಿಗೂ ಹೀಗೇ ಆಗಿತ್ತು. ವಾರದೊಳಗೆ ಹಸು ಸತ್ತಿತ್ತು.

ಮಹೇಶ್ವರಿ ಹರಪನಹಳ್ಳಿ ಕಡೆಯವಳು. ಗಂಡ ಕುಮಾರಯ್ಯನಿಗೆ ಕಾಶಿಯ ಜಂಗಮವಾಡಿ ಮಠದಲ್ಲಿ ಅಡುಗೆ ಕೆಲಸ. ಪೇಟೆ ದಾಟಿ ಹೊಲಗಳ ನಡುವೆ ಬಾಡಿಗೆ ಮನೆ. ಬಂದು ಹದಿನೆಂಟು ವರ್ಷ. ಮಗಳು ಭವಾನಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಬಾರೇ ತುಂಗಿ" ಅಂದರೆ ಕಿವಿ ನಿಮಿರಿಸಿ ಓಡಿ ಬರುವುದು ಆ ಕರು ಒಂದೇ.

ಮಧ್ಯಾಹ್ನ ಕರು ಹೊಡೆದುಕೊಂಡು ಪೋಖರಾಕ್ಕೆ ಹೋಗುವಳು. ಊರ ಹೊಂಡಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆ. ಕರು ನೀರಂಚಿನ ಹುಲ್ಲು ಮೇಯುವಾಗ ಅವಳು ದಂಡೆಯ ಮೇಲೆ ಕೂರುವಳು. ಜೊಂಡು, ನೀರುಕೋಳಿ ನೋಡುತ್ತಿದ್ದರೆ ತವರಿನ ಕೆರೆಯೇ ಕಣ್ಣಿಗೆ ಕಟ್ಟುತ್ತಿತ್ತು. ಬಟ್ಟೆ ಒಗೆಯುತ್ತ ಅವ್ವ ಕೂಗಿದಂತಾಗುತ್ತಿತ್ತು. ಅವ್ವ ಹೋಗಿ ಆರು ವರ್ಷ. ಮಣ್ಣಿಗೂ ಹೋಗಲಾಗಿರಲಿಲ್ಲ.

"ದೃಷ್ಟಿ ಆಗಿದೆ ಕಣೇ," ಅಂದ ಕುಮಾರಯ್ಯ. "ಅಂಗಡಿಯಿಂದ ತಂದು ಹುಳದ ಔಷಧಿ ಕುಡಿಸಿದೆ. ಹುಳ ಆಗಿದ್ರೆ ನಿಲ್ಲಬೇಕಿತ್ತಲ್ಲ? ವಿಭೂತಿ ಹಚ್ಚು."

"ಗೌರಿಗೂ ಹೀಗೇ ಅಂದ್ರಿ. ಈ ಸಲ ನಾನು ಕೇಳಲ್ಲ ರೀ."

ಕಾಶಿಯ ಭೇಲೂಪುರ ಬಡಾವಣೆಯಲ್ಲಿದ್ದ ಪಶುವೈದ್ಯೆ ಶ್ರೀರಮಾಗೆ ಫೋನ್ ಮಾಡಿದಳು. ದಾವಣಗೆರೆಯವರು, ಮಠದಲ್ಲಿ ಪರಿಚಯವಾದವರು. ಅವರು ಬಂದವರೇ ಬಿಳಿ ಬೋಗುಣಿಯಲ್ಲಿ ಸಗಣಿಯನ್ನು ನೀರಿಗೆ ಕದಡಿ, ತಿಳಿ ಬಸಿದು ತೋರಿಸಿದರು. ತಳದಲ್ಲಿ ನುಚ್ಚಿನಷ್ಟು ಸಣ್ಣ, ಗುಲಾಬಿ ಬಣ್ಣದ ಚೂರುಗಳು ಅಲುಗುತ್ತಿದ್ದವು.

"ಚಪ್ಪಟೆ ಹುಳದ ಮರಿಗಳು ಅಕ್ಕಾ. ಕರುಳು ಕಚ್ಚಿ ಕೂತಿವೆ. ಎಲ್ಲಿ ಮೇಯಿಸ್ತೀರಿ?"

ಮಹೇಶ್ವರಿ ಪೋಖರಾ ಕಡೆ ಕೈ ತೋರಿಸಿದಳು.

"ಅಲ್ಲೇ ಅಂಟಿದ್ದು. ಹುಳ ಇರೋ ದನದ ಸಗಣಿಯಲ್ಲಿ ಮೊಟ್ಟೆ ಇರ್ತಾವೆ. ಅವು ನೀರು ಸೇರ್ತಾವೆ. ಮರಿಗಳು ಸಣ್ಣ ಬಸವನಹುಳುವಿನೊಳಗೆ ಬೆಳೆದು, ಹೊರಗೆ ಬಂದು, ಮಳೆ ನಿಂತು ನೀರು ಇಳಿದಾಗ ದಂಡೆ ಹುಲ್ಲಿಗೆ ಅಂಟಿಕೊಂಡಿರ್ತಾವೆ. ಕಣ್ಣಿಗೆ ಕಾಣಲ್ಲ."

"ನಮ್ಮದು ಒಂದೇ ಕರು. ಅದರ ಸಗಣಿ ಬೆರಣಿ ತಟ್ತೀವಿ," ಅಂದ ಕುಮಾರಯ್ಯ.

"ಊರಿನ ಎಮ್ಮೆಗಳೆಲ್ಲ ಅಲ್ಲೇ ಬೀಳ್ತಾವಲ್ಲ ಅಣ್ಣ? ನೀಲ್‌ಗಾಯಿಗಳೂ ನೀರಿಗೆ ಬರ್ತಾವೆ. ಕಾಡುಪ್ರಾಣಿಗಳ ಹೊಟ್ಟೆಯಲ್ಲೂ ಈ ಹುಳ ಇರುತ್ತೆ. ಅವಕ್ಕೆ ಔಷಧಿ ಹಾಕೋರು ಯಾರು? ಇನ್ನು ನೀವು ತಂದ ಔಷಧಿ ಬೇರೆ ಹುಳಕ್ಕೆ. ಈ ಹುಳಕ್ಕೆ ಬೇರೆಯದೇ ಬೇಕು, ಅದೂ ತೂಕ ನೋಡಿ ಕೊಡಬೇಕು."

ಮಹೇಶ್ವರಿ ಕೊಟ್ಟಿಗೆಯ ಗೋಡೆಗೆ ಒರಗಿದಳು. "ಗೌರೀನೂ ಅಲ್ಲೇ ಮೇಯಿಸ್ತಿದ್ದೆ. ಹಾಗಾದ್ರೆ ಅದನ್ನ ಸಾಯಿಸಿದ್ದು ನಾನೇ. ನನಗೆ ಅಲ್ಲಿ ಕೂರೋದು ಇಷ್ಟ ಅಂತ..."

"ನಿಮಗೆ ಗೊತ್ತಿರಲಿಲ್ಲ ಅಕ್ಕಾ," ಅಂದರು ಶ್ರೀರಮಾ. "ಊರಿಂದ ಬಂದೋರಿಗೆ ನೀರು ಕಂಡರೆ ಸಾಕು, ಮನೆ ನೆನಪಾಗುತ್ತೆ. ನನಗೂ ಹಾಗೇ."

ಕರುವಿನ ಎದೆಯ ಸುತ್ತಳತೆ ತೆಗೆದು ತೂಕ ಲೆಕ್ಕ ಹಾಕಿ, ಅದಕ್ಕೆ ತಕ್ಕ ಔಷಧಿ ಕುಡಿಸಿದರು. ಮೂರು ದಿನ ತುಂಗಿ ಏಳಲಿಲ್ಲ. ಮಹೇಶ್ವರಿ ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡಳು. ನಾಲ್ಕನೇ ದಿನ ಕರು ತಾನೇ ಎದ್ದು ನಿಂತು ಬೈಹುಲ್ಲಿಗೆ ಬಾಯಿ ಹಾಕಿತು. ಬಾವು ನಿಧಾನಕ್ಕೆ ಇಳಿಯಿತು. ಎರಡು ವಾರ ಬಿಟ್ಟು ಡಾಕ್ಟರು ಮತ್ತೆ ಬಂದು ನೋಡಿದರು.

ಈಗ ಕುಮಾರಯ್ಯ ಕೆಲಸ ಮುಗಿಸಿ ಬರುವಾಗ ದಿಬ್ಬದ ಮೇಲಿನ ಹುಲ್ಲು ಕೊಯ್ದು ಸೈಕಲ್ಲಿಗೆ ಕಟ್ಟಿಕೊಂಡು ಬರುತ್ತಾನೆ. ಕರುವಿಗೆ ಕೈಪಂಪಿನ ನೀರು. ಮಧ್ಯಾಹ್ನವಾದರೆ ಮಹೇಶ್ವರಿಯ ಕಾಲು ಇನ್ನೂ ಆ ದಾರಿಗೆ ಎಳೆಯುತ್ತದೆ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಆ ಕಡೆ ನೋಡಿ ಒಳಗೆ ಬರುತ್ತಾಳೆ.

ಮೊನ್ನೆ ಪಕ್ಕದ ಮನೆಯವನು ಎಮ್ಮೆಗರು ಹೊಡೆದುಕೊಂಡು ಪೋಖರಾಕ್ಕೆ ಹೊರಟಿದ್ದ. ಕುಮಾರಯ್ಯ ಸೈಕಲ್ ಅಡ್ಡ ನಿಲ್ಲಿಸಿ, ತನ್ನ ಹರಕುಮುರುಕು ಹಿಂದಿಯಲ್ಲಿ, "ಭಯ್ಯಾ, ಉಧರ್ ಮತ್ ಚರಾವೋ. ಮೇರಾ ಏಕ್ ಗಾಯ್ ಗಯಾ," ಅಂದ. ಆ ಕಡೆ ಮೇಯಿಸಬೇಡ, ನನ್ನದೊಂದು ಹಸು ಹೋಯಿತು ಅಂತ. ಪಕ್ಕದವನು ಎಮ್ಮೆಗರುವನ್ನು ಹಿಂದಕ್ಕೆ ತಿರುಗಿಸಿದ.

ಅಕ್ಕಂದಿರೇ, ಅಣ್ಣಂದಿರೇ, ಮಳೆ ನಿಂತು ಹೊಂಡದ ನೀರು ಇಳಿಯುವ ಕಾಲದಲ್ಲಿ ನೀರಂಚಿನ ಹುಲ್ಲನ್ನು ದನಕರುವಿಗೆ ಮೇಯಿಸಬೇಡಿ. ಸಗಣಿ ನೀರಿಗೆ ಸೇರದಂತೆ ನೋಡಿಕೊಳ್ಳಿ. ನೀರಿನಂಥ, ನಾರುವ ಭೇದಿ ಕಂಡರೆ, ಗದ್ದದ ಕೆಳಗೆ ಬಾವು ಬಂದರೆ, ಅವತ್ತೇ ಪಶುವೈದ್ಯರನ್ನು ಕರೆಯಿರಿ. ನಿಮ್ಮನ್ನೇ ನಂಬಿದ ಆ ಮೂಕ ಜೀವಕ್ಕೆ ತನ್ನ ನೋವು ಹೇಳಲು ಬರುವುದಿಲ್ಲ. ನೋಡಿ ತಿಳಿಯಬೇಕಾದವರು ನೀವು.